ಹಳೆ ಫೋನಿಗೆ ‘ಎ ಗ್ರೇಡ್’ ಅಂತ ಯಾರು ಕೊಡುತ್ತಾರೆ, ಏನು ನೋಡಿ ಕೊಡುತ್ತಾರೆ?

ಮೆಮೊರಿ ಚಿಪ್‌ಗಳ ಬೆಲೆ 2025ರ ಕೊನೆಯಿಂದ ಏರುತ್ತಾ ಹೋಯಿತು. ಅದರ ಬಿಸಿ ಹೊಸ ಫೋನುಗಳಿಗೂ ತಟ್ಟಿತು. ‘ಸೆಕೆಂಡ್ ಹ್ಯಾಂಡೇ ತಗೊಂಡ್ರೆ ಹೇಗೆ?’ ಅಂತ ಹುಡುಕಲು ಕೂತವರಿಗೆ ಮೊದಲು ಎದುರಾಗುವುದು ಒಂದು ಅಕ್ಷರ, ಇಲ್ಲವೇ ಒಂದು ಪದ: ಎ ಗ್ರೇಡ್, ಬಿ ಗ್ರೇಡ್, ಸೂಪರ್ಬ್, ಗುಡ್, ಫೇರ್, ಲೈಕ್ ನ್ಯೂ. ಮಾಡೆಲ್ ಅದೇ, ಸ್ಟೋರೇಜ್ ಅದೇ. ಬೆಲೆ ಮಾತ್ರ ಒಂದೊಂದಕ್ಕೆ ಒಂದೊಂದು.

ಈ ಗುರುತುಗಳನ್ನು ಮಾಡಿಕೊಂಡವರು ಸಗಟು ವ್ಯಾಪಾರಿಗಳು. ನೂರು, ಸಾವಿರ ಲೆಕ್ಕದಲ್ಲಿ ಫೋನ್ ಕೊಳ್ಳುವಾಗ, ಮಾರುವಾಗ ತಮ್ಮತಮ್ಮಲ್ಲಿ ಮಾತಾಡಿಕೊಳ್ಳಲು ಅವರಿಗೆ ಇದು ಬೇಕಾಗಿತ್ತು. ಅಲ್ಲಿಂದ ಮೆಲ್ಲಗೆ ಅಂಗಡಿಯ ಚೀಟಿಗೆ, ಆ್ಯಪ್‌ಗಳಿಗೆ ಬಂತು. ಹಾಗೆ ಬರುವಾಗ ಒಂದು ವಿಷಯ ಹಿಂದೆಯೇ ಉಳಿಯಿತು. ಗ್ರೇಡ್ ಹೇಳುವುದು ಫೋನಿನ ಮೈ ಬಗ್ಗೆ ಮಾತ್ರ. ಒಳಗೆ ಬ್ಯಾಟರಿ ಹೇಗಿದೆ, ಕ್ಯಾಮೆರಾ ಸರಿ ಇದೆಯಾ, ಡಿಸ್‌ಪ್ಲೇ ಬದಲಾಗಿದೆಯಾ ಅನ್ನುವುದೆಲ್ಲ ಬೇರೆ ಲೆಕ್ಕ.

ಫೋನುಗಳು ಎಲ್ಲಿಂದ ಬರುತ್ತವೆ?

ನೀವು ಹಳೆ ಫೋನ್ ಎಕ್ಸ್‌ಚೇಂಜ್‌ಗೆ ಕೊಟ್ಟು ಹೊಸದು ತಂದಿರಿ ಅಂದುಕೊಳ್ಳಿ. ಕೊಟ್ಟ ಫೋನ್ ಸಾಮಾನ್ಯವಾಗಿ ಆ ಅಂಗಡಿಯಲ್ಲೇ ಉಳಿಯುವುದಿಲ್ಲ. ಅಂಥ ನೂರಾರು ಫೋನುಗಳ ಜೊತೆ ಸೇರಿ ಒಂದು ಲಾಟ್ ಆಗುತ್ತದೆ. ಲಾಟ್ ಅಂದರೆ ಒಟ್ಟಿಗೇ ಮಾರುವ ರಾಶಿ. ಅಮೆರಿಕದಲ್ಲಿ ಈ ಕೆಲಸ ಇನ್ನೂ ದೊಡ್ಡದಾಗಿ ನಡೆಯುತ್ತದೆ. ಅಲ್ಲಿನ ಸಿಮ್ ಕಂಪನಿಗಳು ಫೋನನ್ನೂ ಕಂತಿನಲ್ಲಿ ಮಾರುತ್ತವೆ, ಹಳೆಯದನ್ನು ವಾಪಸ್ ಪಡೆಯುತ್ತವೆ. ಹೀಗೆ ಬಂದ ರಾಶಿಗಳು ಆನ್‌ಲೈನ್ ಹರಾಜಿಗೆ ಹೋಗುತ್ತವೆ. ಹಾಂಗ್‌ಕಾಂಗ್, ದುಬೈನಂಥ ಊರುಗಳ ವ್ಯಾಪಾರಿಗಳು ಅವನ್ನು ಕೊಂಡು, ಬೇರ್ಪಡಿಸಿ, ಬೇರೆ ದೇಶಗಳಿಗೆ ಕಳಿಸುತ್ತಾರೆ.

ತಗೊಂಡು ಕೆಲವೇ ದಿನಕ್ಕೆ ಮನಸ್ಸು ಬದಲಿಸಿ ವಾಪಸ್ ಕೊಟ್ಟ ಫೋನುಗಳದ್ದೇ ಒಂದು ಪಂಗಡ. ಸಗಟು ಭಾಷೆಯಲ್ಲಿ ಅದಕ್ಕೆ ‘14 ಡೇ’ ಅನ್ನುತ್ತಾರೆ. ಮೈ ಬಹುತೇಕ ಹೊಸದರಂತೆಯೇ ಇರುತ್ತದೆ. ಕಂಪನಿಗಳು ಸಿಬ್ಬಂದಿಗೆ ಕೊಟ್ಟು ಎರಡು ಮೂರು ವರ್ಷಕ್ಕೆ ಹಿಂಪಡೆದ ಫೋನುಗಳು ಇನ್ನೊಂದು ಪಂಗಡ.

ಇಲ್ಲಿ ಕೊಳ್ಳುವವನಿಗೆ ಒಂದು ಫಜೀತಿ ಇದೆ. ಸಾವಿರ ಫೋನ್ ಇರುವ ಲಾಟ್ ಬೇರೆ ದೇಶದ ಗೋದಾಮಿನಲ್ಲಿದೆ, ದುಡ್ಡು ಮೊದಲೇ ಕಟ್ಟಬೇಕು. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡುವ ಮಾತೇ ಇಲ್ಲ. ಶಿವಮೊಗ್ಗದ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ವಿಂಗಡಿಸಿ ದರ ಕಟ್ಟುತ್ತಾರಲ್ವಾ, ಹಾಗೆಯೇ ಇಲ್ಲೂ ವಿಂಗಡಣೆ ಬೇಕಾಯಿತು. ವ್ಯತ್ಯಾಸ ಒಂದೇ. ಮಂಡಿಯಲ್ಲಿ ಖರೀದಿದಾರ ಚೀಲಕ್ಕೆ ಕೈ ಹಾಕಿ ನೋಡಿ ದರ ಹೇಳುತ್ತಾನೆ. ಫೋನ್ ವ್ಯಾಪಾರಿ ಒಂದು ಎಕ್ಸೆಲ್ ಶೀಟ್ ನೋಡಿ ದರ ಹೇಳಬೇಕು.

ಎ, ಬಿ, ಸಿ, ಡಿ: ಅಂದಾಜು ಅರ್ಥ

ಅಂದಾಜು ಅಂತ ಯಾಕೆ ಹೇಳಿದೆ ಅಂದರೆ ಎಲ್ಲರೂ ಪಾಲಿಸಲೇಬೇಕಾದ ಒಂದೇ ಅಳತೆಗೋಲು ಜಗತ್ತಿನಲ್ಲಿ ಇಲ್ಲ. ಆದರೂ ಬಹಳಷ್ಟು ಮಾರಾಟಗಾರರ ಪಟ್ಟಿ ಸುಮಾರು ಹೀಗಿರುತ್ತದೆ.

ಎ ಗ್ರೇಡ್ ಅಂದರೆ ಕೈಯಳತೆ ದೂರದಲ್ಲಿ ಹಿಡಿದಾಗ ಗೀರು ಕಾಣಬಾರದು. ಕಣ್ಣಿನ ಹತ್ತಿರ ತಂದು, ಬೆಳಕಿಗೆ ಓರೆ ಮಾಡಿದರೆ ಕೂದಲೆಳೆಯಂಥ ಒಂದೆರಡು ಗೆರೆ ಕಂಡರೆ ತಪ್ಪಿಲ್ಲ. ಅದೂ ಇಲ್ಲದಿದ್ದರೆ ಎ ಪ್ಲಸ್. ಬಿ ಗ್ರೇಡ್‌ನಲ್ಲಿ ಗೀರುಗಳು ಕಾಣುತ್ತವೆ, ಆದರೆ ಸ್ಕ್ರೀನ್ ಆನ್ ಮಾಡಿದ ಕೂಡಲೇ ಕಣ್ಣಿಂದ ಮರೆಯಾಗುತ್ತವೆ. ಅಂಚಿನಲ್ಲಿ ಸಣ್ಣ ನಗ್ಗು ಇರಬಹುದು. ಸಿ ಗ್ರೇಡ್‌ಗೆ ಬಂದರೆ ಉಗುರಿಗೆ ತಾಕುವಷ್ಟು ಆಳದ ಗೀರು, ಬಣ್ಣ ಹೋದ ಮೂಲೆ, ಎದ್ದು ಕಾಣುವ ಡೆಂಟ್. ಗಾಜು ಮಾತ್ರ ಒಡೆದಿರಬಾರದು. ಒಡೆದಿದ್ದರೆ ಡಿ.

ಬಿ ಮತ್ತು ಸಿ ನಡುವಿನ ಗೆರೆಯಲ್ಲೇ ಜಗಳ ಜಾಸ್ತಿ. ಎ ಪ್ಲಸ್ ಯಾವುದು, ಡಿ ಯಾವುದು ಅಂತ ಯಾರು ಬೇಕಾದರೂ ಹೇಳಬಹುದು. ‘ಸಣ್ಣ’ ನಗ್ಗು ಅಂದರೆ ಎಷ್ಟು ಸಣ್ಣದು? ಒಳ್ಳೆಯ ಮಾರಾಟಗಾರ ಇದನ್ನು ಮಿಲಿಮೀಟರ್‌ನಲ್ಲಿ ಬರೆದಿರುತ್ತಾನೆ, ಎಷ್ಟು ಗೀರು ಇರಬಹುದು ಅಂತಲೂ ಬರೆದಿರುತ್ತಾನೆ. ಬರೀ ‘ಮೈನರ್ ಸ್ಕ್ರ್ಯಾಚಸ್’ ಅಂತ ಬರೆದಿದ್ದರೆ ಆ ಗ್ರೇಡಿಗೆ ಹೆಚ್ಚು ಬೆಲೆ ಕೊಡಬೇಕಿಲ್ಲ ಅನ್ನುವುದು ನನ್ನ ಲೆಕ್ಕ.

ಸಾಮಾನ್ಯ ಅಳತೆಗೋಲು ತರುವ ಪ್ರಯತ್ನ ಆಗಿಲ್ಲ ಅಂತಲ್ಲ. ಅಮೆರಿಕದ ಮೊಬೈಲ್ ಉದ್ದಿಮೆಯ ಸಂಘ ಸಿಟಿಐಎ, ಫೋನುಗಳ ಗ್ರೇಡಿಂಗ್‌ಗೆಂದೇ ಒಂದು ದಾಖಲೆ ಮಾಡಿದೆ. ಹಳೆ ಎಲೆಕ್ಟ್ರಾನಿಕ್ಸ್ ವ್ಯವಹಾರದವರಿಗೆ ಸರ್ಟಿಫಿಕೇಟ್ ಕೊಡುವ ಆರ್2 ಮಾನದಂಡದ ಮೂರನೇ ಆವೃತ್ತಿ 2020ರಲ್ಲಿ ಬಂತು. ಅದರ ಪದ್ಧತಿಯಲ್ಲಿ ಒಂದು ಜಾಣತನ ಇದೆ. ಮೈ ಹೇಗಿದೆ ಅನ್ನುವುದಕ್ಕೆ ‘ಸಿ’ ಅಕ್ಷರದ ಜೊತೆ ಒಂದು ಅಂಕಿ, ಕೆಲಸ ಹೇಗೆ ಮಾಡುತ್ತದೆ ಅನ್ನುವುದಕ್ಕೆ ‘ಎಫ್’ ಅಕ್ಷರದ ಜೊತೆ ಇನ್ನೊಂದು ಅಂಕಿ. ಎರಡನ್ನೂ ಕಲಸಿ ಒಂದೇ ಅಕ್ಷರ ಮಾಡಿದರೆ ಗೊಂದಲ ಆಗುತ್ತದೆ ಅಂತ ಗೊತ್ತಿದ್ದೇ ಹೀಗೆ ಬೇರೆ ಮಾಡಿದ್ದಾರೆ. ಆದರೆ ದಿನನಿತ್ಯದ ಮಾರುಕಟ್ಟೆಯಲ್ಲಿ ಇವತ್ತಿಗೂ ಓಡುವುದು ಹಳೆಯ ಎ, ಬಿ, ಸಿ.

ಗ್ರೇಡ್ ಮಾಡುವವರ ಮೇಜಿನ ಮೇಲೆ

ಒಂದು ಫೋನ್ ಮೇಜಿಗೆ ಬಂತು ಅನ್ನಿ. ಮೊದಲ ಕೆಲಸ ಕವರ್ ತೆಗೆಯುವುದು, ಸ್ಕ್ರೀನ್ ಗಾರ್ಡ್ ಕಿತ್ತು ಹಾಕುವುದು. ಅಂಟು ಉಳಿದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಒರೆಸುತ್ತಾರೆ. ಎಣ್ಣೆ ಜಿಡ್ಡು, ಬೆರಳಚ್ಚು ಇದ್ದರೆ ಗೀರು ಮುಚ್ಚಿಹೋಗುತ್ತದೆ. ಕೆಲವೊಮ್ಮೆ ಕೊಳೆಯೇ ಗೀರಿನ ಹಾಗೆ ಕಂಡು ಫೋನಿನ ಗ್ರೇಡ್ ಇಳಿದುಬಿಡುತ್ತದೆ.

ಸ್ಕ್ರೀನ್ ಆಫ್ ಇರುವಾಗಲೇ ಮೊದಲ ನೋಟ. ಕಪ್ಪು ಗಾಜಿನ ಮೇಲೆ ಟ್ಯೂಬ್‌ಲೈಟ್ ಬೆಳಕು ಬೀಳುವಂತೆ ಫೋನನ್ನು ನಿಧಾನವಾಗಿ ಓರೆ ಮಾಡುತ್ತಾರೆ. ಬೆಳಕಿನ ಪಟ್ಟಿ ಗಾಜಿನ ಮೇಲೆ ಸರಿಯುತ್ತಾ ಹೋಗುತ್ತದೆ. ಗೀರು ಇದ್ದ ಕಡೆ ಆ ಪಟ್ಟಿ ಮುರಿದಂತೆ ಕಾಣುತ್ತದೆ. ಕಂಡರೆ ಉಗುರನ್ನು ಅಡ್ಡಡ್ಡ ಎಳೆದು ನೋಡುತ್ತಾರೆ. ಉಗುರು ಜಾರಿದರೆ ಮೇಲ್ಮೈ ಗೀರು, ಸಿಕ್ಕಿಕೊಂಡರೆ ಆಳದ್ದು. ಉಗುರು ಸಿಕ್ಕಿಕೊಂಡ ಫೋನ್ ಬಹುತೇಕ ಪಟ್ಟಿಗಳಲ್ಲಿ ಎ ಗ್ರೇಡ್‌ನಿಂದ ಆಚೆ.

ಆಮೇಲೆ ಅಂಚು. ಫೋನ್ ಬಿದ್ದಾಗ ಹೆಚ್ಚಾಗಿ ನೆಲಕ್ಕೆ ತಾಗುವುದು ಮೂಲೆ, ಹಾಗಾಗಿ ನಾಲ್ಕು ಮೂಲೆಗೂ ಬೆರಳು ಆಡಿಸುತ್ತಾರೆ. ಕಣ್ಣಿಗೆ ಕಾಣದ ನಗ್ಗು ಬೆರಳಿಗೆ ಸಿಗುತ್ತದೆ. ಚಾರ್ಜಿಂಗ್ ಪೋರ್ಟ್ ಸುತ್ತ ಕೇಬಲ್ ತಾಗಿ ಆದ ಉಜ್ಜು ಗುರುತು, ಕ್ಯಾಮೆರಾ ಉಂಗುರದ ಬಣ್ಣ, ಲೆನ್ಸ್ ಮೇಲಿನ ಚುಕ್ಕೆ, ಸಿಮ್ ಟ್ರೇ ಅದೇ ಫೋನಿನ ಬಣ್ಣದ್ದೇ ಅನ್ನುವುದು, ಹಿಂಬದಿ ಗಾಜು ಚೌಕಟ್ಟಿಗೆ ಸಮವಾಗಿ ಕೂತಿದೆಯೇ ಅನ್ನುವುದು ಆಮೇಲಿನ ಸರದಿ. ಹಿಂಬದಿ ಉಬ್ಬಿದ್ದರೆ ಬ್ಯಾಟರಿ ಊದಿದೆ ಅಂತಲೇ ಲೆಕ್ಕ. ಅಂಥ ಫೋನಿಗೆ ಗ್ರೇಡ್ ಇಲ್ಲ, ನೇರ ಪಕ್ಕಕ್ಕೆ.

ಇಷ್ಟೆಲ್ಲ ಓದಲು ಹೊತ್ತು ಹಿಡಿಯುತ್ತದೆ. ಕೈ ಪಳಗಿದವರಿಗೆ ಒಂದು ಫೋನಿಗೆ ಒಂದೆರಡು ನಿಮಿಷವೂ ಬೇಡ. ತೊಂದರೆ ಇರುವುದೂ ಅಲ್ಲೇ. ಬೆಳಗ್ಗೆ ಎ ಅಂದ ಫೋನನ್ನು ಅದೇ ವ್ಯಕ್ತಿ ಸಂಜೆ ಬಿ ಅನ್ನಬಹುದು. ಬೆಳಕು ಬದಲಾದರೆ ಗ್ರೇಡೂ ಬದಲಾಗುತ್ತದೆ. ಇದನ್ನು ತಪ್ಪಿಸಲು ದೊಡ್ಡ ಗೋದಾಮುಗಳು ಕ್ಯಾಮೆರಾ ಇರುವ ಗ್ರೇಡಿಂಗ್ ಯಂತ್ರಗಳನ್ನು ಇಟ್ಟುಕೊಂಡಿವೆ. ಫೋನಿನ ಎಲ್ಲ ಮಗ್ಗುಲಿನ ಚಿತ್ರ ತೆಗೆದು ಗೀರಿನ ಉದ್ದ, ಜಾಗ ಗುರುತಿಸುವ ಕೆಲಸ ಅವುಗಳದ್ದು. ಯಂತ್ರಕ್ಕೆ ಸುಸ್ತಾಗುವುದಿಲ್ಲ. ಹಾಗಂತ ಧೂಳಿನ ಕಣವನ್ನು ಗೀರು ಅಂದುಕೊಳ್ಳುವ ತಪ್ಪಿನಿಂದ ಅದೂ ಪೂರ್ತಿ ಹೊರತಲ್ಲ.

ಗೀರು ಆಗುವುದು ಯಾಕೆ?

ಜೇಬಿನಲ್ಲಿ ಬೀಗದ ಕೈ ಜೊತೆ ಫೋನ್ ಇಟ್ಟರೆ ಗೀರು ಬೀಳುತ್ತದೆ ಅಂತ ನಂಬಿಕೆ. ಸಾಮಾನ್ಯವಾಗಿ ಬೀಗದ ಕೈ ಅಷ್ಟು ಗಟ್ಟಿ ಇರುವುದಿಲ್ಲ. ವಸ್ತುಗಳ ಗಡಸುತನ ಹೇಳಲು ಮೋಸ್ ಅನ್ನುವ 1ರಿಂದ 10ರವರೆಗಿನ ಅಳತೆ ಇದೆ. ಫೋನಿನ ಗಾಜು ಅದರಲ್ಲಿ ಸುಮಾರು 6. ಮರಳಿನಲ್ಲಿರುವ ಬೆಣಚು ಕಲ್ಲಿನ ಕಣ 7. ಗಟ್ಟಿ ಇರುವುದು ಮೆದು ಇರುವುದನ್ನು ಗೀರುತ್ತದೆ. ನಿಜವಾದ ಕಳ್ಳ ಜೇಬಿನ ಮೂಲೆಯಲ್ಲಿ ಕೂತ ಧೂಳು, ಮರಳಿನ ಕಣ.

ಹಾಗೆ ನೋಡಿದರೆ ಕವರ್ ಹಾಕಿದ ಫೋನೂ ಪೂರ್ತಿ ಸುರಕ್ಷಿತ ಅಲ್ಲ. ಕವರ್ ಮತ್ತು ಚೌಕಟ್ಟಿನ ನಡುವೆ ಧೂಳು ಸೇರಿಕೊಂಡರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಹೊಳೆಯುವ ಸ್ಟೀಲ್ ಅಂಚಿರುವ ಐಫೋನ್ 14 ಪ್ರೊ ಮತ್ತು ಅದಕ್ಕಿಂತ ಹಿಂದಿನ ಪ್ರೊ ಮಾಡೆಲ್‌ಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ‘ಒಂದು ದಿನವೂ ಕವರ್ ತೆಗೆದಿಲ್ಲ’ ಅನ್ನುವವರ ಫೋನಿನ ಅಂಚಲ್ಲೂ ಗೀರಿನ ಬಲೆ ಇರುತ್ತದೆ. ಅವರು ಸುಳ್ಳು ಹೇಳುತ್ತಿಲ್ಲ.

ಮೈಯೋ, ಒಳಗೋ? ಸ್ಕ್ರೀನಿನ ತಕರಾರು

ಕೆಲವು ದೋಷಗಳನ್ನು ಯಾವ ಖಾತೆಗೆ ಹಾಕಬೇಕು ಅನ್ನುವುದೇ ದೊಡ್ಡ ಚರ್ಚೆ. ಒಎಲ್ಇಡಿ ಸ್ಕ್ರೀನಿನಲ್ಲಿ ಒಂದೊಂದು ಚುಕ್ಕೆಯೂ ತಾನೇ ಉರಿಯುತ್ತದೆ. ಜಾಸ್ತಿ ಉರಿದದ್ದು ಬೇಗ ಮಂಕಾಗುತ್ತದೆ. ಕೀಬೋರ್ಡ್, ಮೇಲಿನ ಗಡಿಯಾರದ ಪಟ್ಟಿ, ಮ್ಯಾಪ್ ಇವೆಲ್ಲ ಗಂಟೆಗಟ್ಟಲೆ ಒಂದೇ ಜಾಗದಲ್ಲಿ ಇರುವುದರಿಂದ ಅವುಗಳ ನೆರಳು ಅಲ್ಲೇ ಉಳಿದುಬಿಡುತ್ತದೆ. ಇದಕ್ಕೆ ಬರ್ನ್ ಅಂತಾರೆ, ಹಗುರವಾಗಿದ್ದರೆ ಶೇಡ್. ಪೂರ್ತಿ ಬಿಳಿ ಅಥವಾ ಬೂದು ಬಣ್ಣದ ಚಿತ್ರ ಹಾಕಿದರೆ ತಕ್ಷಣ ಕಾಣುತ್ತದೆ. ಎಲ್‌ಸಿಡಿ ಸ್ಕ್ರೀನಿನ ರೋಗ ಬೇರೆ. ಒತ್ತಡ ಬಿದ್ದ ಕಡೆ ಬಿಳಿ ಚುಕ್ಕೆ, ಅಂಚಿನಲ್ಲಿ ಬೆಳಕು ಸೋರುವುದು.

ಶೇಡ್ ಇದ್ದ ಫೋನ್ ಕೆಲಸವಂತೂ ಮಾಡುತ್ತದೆ, ಟಚ್ ಸರಿ ಇರುತ್ತದೆ. ಹಾಗಾದರೆ ಇದು ಮೈಯ ದೋಷವೋ, ಕೆಲಸದ ದೋಷವೋ? ಕೆಲವರು ಗ್ರೇಡ್ ಇಳಿಸುತ್ತಾರೆ. ಕೆಲವರು ಎ ಗ್ರೇಡ್ ಅಂತಲೇ ಬರೆದು ಪಕ್ಕದಲ್ಲಿ ಸಣ್ಣದಾಗಿ ಷರಾ ಹಾಕುತ್ತಾರೆ. ಆ ಷರಾ ಓದದೆ ಲಾಟ್ ಕೊಂಡವನು ಕೆಟ್ಟ.

ಎ ಗ್ರೇಡ್ ಹೇಳದೇ ಬಿಡುವ ವಿಷಯಗಳು

ಸಿ ಗ್ರೇಡ್ ಫೋನನ್ನು ಎ ಗ್ರೇಡ್ ಮಾಡಬಹುದೇ? ಧಾರಾಳವಾಗಿ. ಹಳೆ ಚೌಕಟ್ಟು ತೆಗೆದು ಹೊಸ ಹೌಸಿಂಗ್ ಹಾಕಿ, ಮೇಲಿನ ಗಾಜು ಬದಲಿಸಿದರೆ ಮುಗಿಯಿತು. ಸಗಟು ಮಾರುಕಟ್ಟೆಯಲ್ಲಿ ಸಿ, ಡಿ ಲಾಟ್‌ಗಳನ್ನು ಹುಡುಕಿಕೊಂಡು ಬರುವವರಲ್ಲಿ ಈ ಕೆಲಸದವರೂ ಇದ್ದಾರೆ. ಇದರಲ್ಲಿ ಕಳ್ಳತನ ಏನಿಲ್ಲ, ಹೇಳಿ ಮಾರಿದರೆ. ಹೇಳದಿದ್ದರೆ ಮಾತ್ರ ಎ ಗ್ರೇಡ್ ಅನ್ನುವುದು ಹೊಸ ಅಂಗಿ ತೊಟ್ಟ ಹಳೆ ಫೋನಿನ ಹೆಸರಾಗುತ್ತದೆ. ತೆರೆದು ಮುಚ್ಚಿದ ಫೋನಿಗೆ ಮೊದಲಿನಷ್ಟು ನೀರು ತಡೆಯುವ ಶಕ್ತಿ ಉಳಿದಿರುತ್ತದೆ ಅಂತ ಹೇಳುವ ಹಾಗಿಲ್ಲ.

ಐಫೋನ್‌ಗಳಲ್ಲಿ ಇದನ್ನು ಸ್ವಲ್ಪ ಮಟ್ಟಿಗೆ ಪತ್ತೆ ಹಚ್ಚಬಹುದು. ಐಒಎಸ್ 15.2ರಿಂದ ಸೆಟ್ಟಿಂಗ್ಸ್, ಜನರಲ್, ಅಬೌಟ್ ಒಳಗೆ ಬಿಡಿಭಾಗಗಳ ಚರಿತ್ರೆ ಕಾಣುತ್ತದೆ. ಐಫೋನ್ 12 ಮತ್ತು ಅದರ ನಂತರದವುಗಳಲ್ಲಿ ಬ್ಯಾಟರಿ, ಡಿಸ್‌ಪ್ಲೇ, ಕ್ಯಾಮೆರಾ ಬದಲಾಗಿದ್ದರೆ ಅಲ್ಲಿ ಗೊತ್ತಾಗುತ್ತದೆ. ಅದೇ ಪುಟದ ಮಾಡೆಲ್ ನಂಬರಿನ ಮೊದಲ ಅಕ್ಷರವನ್ನೂ ನೋಡಿ. ಎಂ ಇದ್ದರೆ ಹೊಸದಾಗಿ ಮಾರಿದ್ದು, ಎಫ್ ಇದ್ದರೆ ಆ್ಯಪಲ್ ತಾನೇ ರೀಫರ್ಬಿಶ್ ಮಾಡಿದ್ದು, ಅಂದರೆ ಹಳೆಯದನ್ನು ಸರಿಪಡಿಸಿ ಮತ್ತೆ ಮಾರಿದ್ದು, ಎನ್ ಇದ್ದರೆ ಸರ್ವಿಸ್‌ನಲ್ಲಿ ಬದಲಿಯಾಗಿ ಕೊಟ್ಟದ್ದು. ಸಿಮ್ ಟ್ರೇ ತೆಗೆದು ಟಾರ್ಚ್ ಬಿಟ್ಟರೆ ಒಳಗೊಂದು ಸಣ್ಣ ಬಿಳಿ ಪಟ್ಟಿ ಕಾಣುತ್ತದೆ. ಅದು ಕೆಂಪಾಗಿದ್ದರೆ ನೀರು ಒಳಗೆ ಹೋಗಿದೆ.

ಬ್ಯಾಟರಿಗೆ ಸಗಟು ಮಾರುಕಟ್ಟೆಯಲ್ಲಿ ಪ್ರತ್ಯೇಕ ಗೆರೆ ಇದೆ, ಸಾಮಾನ್ಯವಾಗಿ ಶೇ 80. ಅಂದರೆ ಹೊಸದಿದ್ದಾಗ ಹಿಡಿಯುತ್ತಿದ್ದ ಚಾರ್ಜಿನಲ್ಲಿ 80 ಭಾಗವಾದರೂ ಈಗಲೂ ಹಿಡಿಯಬೇಕು. ಐಫೋನ್ 14 ಮತ್ತು ಹಿಂದಿನವುಗಳ ಬ್ಯಾಟರಿ 500 ಪೂರ್ತಿ ಚಾರ್ಜ್ ಸುತ್ತುಗಳ ನಂತರ ಶೇ 80ರಷ್ಟು ಉಳಿಯುವಂತೆ ಮಾಡಿದ್ದೇವೆ ಅನ್ನುತ್ತದೆ ಆ್ಯಪಲ್. ಐಫೋನ್ 15ರಿಂದ ಆ ಅಂಕಿ 1,000 ಸುತ್ತು. ಫಳಫಳ ಹೊಳೆಯುವ ಎ ಪ್ಲಸ್ ಫೋನಿನ ಬ್ಯಾಟರಿ ಶೇ 76 ಇರಬಹುದು, ಮೂಲೆ ಜಜ್ಜಿದ ಸಿ ಗ್ರೇಡ್ ಫೋನಿನದ್ದು ಶೇ 92 ಇರಬಹುದು. ಒಂದಕ್ಕೂ ಇನ್ನೊಂದಕ್ಕೂ ಸಂಬಂಧ ಇಲ್ಲ.

ಲಾಟ್ ಶೀಟ್ ಓದುವುದು

ಉದಾಹರಣೆಗೆ ಒಂದು ಸಾಲು ಹೀಗಿದೆ ಅನ್ನಿ: ಐಫೋನ್ 13, 128 ಜಿಬಿ, ಎಬಿ ಮಿಕ್ಸ್, ಅನ್‌ಲಾಕ್ಡ್, ಬ್ಯಾಟರಿ 80 ಪ್ಲಸ್, ಎಚ್‌ಎಸ್‌ಒ, 200 ಪೀಸ್.

ಎಬಿ ಮಿಕ್ಸ್ ಅಂದರೆ ಎ ಎಷ್ಟು, ಬಿ ಎಷ್ಟು ಅನ್ನುವುದು ಮಾರುವವನ ಇಷ್ಟ. ಅನುಪಾತ ಕೇಳಿ ಬರೆಸಿಕೊಳ್ಳದಿದ್ದರೆ ಹತ್ತು ಎ, ಉಳಿದದ್ದೆಲ್ಲ ಬಿ ಬಂದರೂ ಮಾತಾಡುವ ಹಾಗಿಲ್ಲ. ಅನ್‌ಲಾಕ್ಡ್ ಅಂದರೆ ಯಾವ ಸಿಮ್ ಹಾಕಿದರೂ ನಡೆಯುತ್ತದೆ. ಹಳೆ ಮಾಲೀಕನ ಖಾತೆಯ ಬೀಗ ಬೇರೆಯೇ ವಿಷಯ, ಅದನ್ನೂ ಕೇಳಬೇಕು. ಎಚ್‌ಎಸ್‌ಒ ಅಂದರೆ ಬರೀ ಫೋನ್. ಡಬ್ಬ ಇಲ್ಲ, ಚಾರ್ಜರ್ ಇಲ್ಲ. ‘ಆ್ಯಸ್ ಈಸ್’ ಅಂತ ಇದ್ದರೆ ಇದ್ದದ್ದು ಇದ್ದ ಹಾಗೆ, ವಾಪಸ್ ಮಾತಿಲ್ಲ.

ಶೀಟಿನಲ್ಲಿ ಇಲ್ಲದ, ಕರಾರಿನಲ್ಲಿ ಇರುವ ಇನ್ನೊಂದು ಅಂಕಿ ಇದೆ. ಎಷ್ಟು ಫೋನಿನ ಗ್ರೇಡ್ ತಪ್ಪಾದರೂ ಕೊಂಡವನು ಸುಮ್ಮನಿರಬೇಕು ಅನ್ನುವ ರಿಯಾಯಿತಿ. ಲೆಕ್ಕಕ್ಕೆ ಅಂತ ಹೀಗೆ ಹಿಡಿಯೋಣ: 200 ಫೋನಿನ ಎ ಗ್ರೇಡ್ ಲಾಟ್, ರಿಯಾಯಿತಿ ಶೇ 5, ಎ ಮತ್ತು ಬಿ ನಡುವೆ ಬೆಲೆ ವ್ಯತ್ಯಾಸ ಫೋನಿಗೆ 1,500 ರೂಪಾಯಿ. ಹತ್ತು ಫೋನ್ ಬಿ ಆಗಿ ಬಂದರೆ 15,000 ರೂಪಾಯಿ ಕೊಂಡವನ ಕೈಯಿಂದ ಹೋಯಿತು, ಕೇಳುವಂತಿಲ್ಲ. ಸಗಟು ವ್ಯಾಪಾರದಲ್ಲಿ ಲಾಭವೇ ಫೋನಿಗೆ ಕೆಲವು ನೂರು ರೂಪಾಯಿ ಇರುವಾಗ ಇದು ಸಣ್ಣ ಮಾತಲ್ಲ. ಕೊಂಡವನು ತನ್ನ ಗಿರಾಕಿಗೆ ಆ ಹತ್ತನ್ನೂ ಎ ಅಂತಲೇ ದಾಟಿಸಲು ನೋಡುತ್ತಾನೆ. ಹೀಗೆ ಮೂರು ಕೈ ದಾಟುವಷ್ಟರಲ್ಲಿ ಬಿ ಫೋನ್ ಎ ಆಗಿರುತ್ತದೆ, ಫೋನಿನಲ್ಲಿ ಏನೂ ಬದಲಾಗದೆ.

ನಮ್ಮಲ್ಲಿ ಇದರ ದಾರಿ

ಹೊರದೇಶದ ಹಳೆ ಫೋನುಗಳನ್ನು ಸುಮ್ನೆ ತರಿಸಿ ಮಾರಲು ಭಾರತದಲ್ಲಿ ಅವಕಾಶ ಇಲ್ಲ, ಸರ್ಕಾರದ ಅನುಮತಿ ಬೇಕು. ಹಳೆ ಐಫೋನ್‌ಗಳನ್ನು ತಂದು ಇಲ್ಲಿ ಮಾರುತ್ತೇವೆ ಅಂತ 2016ರಲ್ಲಿ ಆ್ಯಪಲ್ ಕೇಳಿದಾಗಲೂ ಕೇಂದ್ರ ಒಪ್ಪಲಿಲ್ಲ. ಹಾಗಾಗಿ ಇಲ್ಲಿನ ರಾಶಿ ಬಹುತೇಕ ಇಲ್ಲಿನ ಎಕ್ಸ್‌ಚೇಂಜ್‌ನಿಂದಲೇ ಆಗಬೇಕು. ಬೆಂಗಳೂರಿನ ಎಸ್‌ಪಿ ರೋಡ್, ದೆಹಲಿಯ ಗಫಾರ್ ಮಾರ್ಕೆಟ್‌ನಂಥ ಕಡೆ ‘ಡಿಸ್‌ಪ್ಲೇ ಒರಿಜಿನಲ್, ಬಾಡಿ ಎ, ಬಿಲ್ ಬಾಕ್ಸ್ ಇದೆ’ ಅಂತ ಮೂರು ಮಾತಿನಲ್ಲಿ ವ್ಯವಹಾರ ಮುಗಿಯುತ್ತದೆ. ಅಲ್ಲಿ ‘ಬಾಡಿ’ ಅಂತ ಬಿಡಿಸಿ ಹೇಳುವುದು ನನಗೆ ಹಿಡಿಸಿತು. ಆ್ಯಪ್‌ಗಳ ‘ಸೂಪರ್ಬ್’ಗಿಂತ ಅದು ಎಷ್ಟೋ ಸ್ಪಷ್ಟ.

ತೆರಿಗೆಯಲ್ಲೂ ಹಳೆ ಫೋನಿಗೆ ಬೇರೆ ನಿಯಮ ಇದೆ. ಫೋನಿಗೆ ಜಿಎಸ್‌ಟಿ ಶೇ 18. ಆದರೆ ಹಳೆ ಸಾಮಾನಿನ ವ್ಯಾಪಾರಿ ಇನ್‌ಪುಟ್ ತೆರಿಗೆ ಕ್ರೆಡಿಟ್ (ಕೊಂಡಾಗ ಕಟ್ಟಿದ ತೆರಿಗೆಯನ್ನು ಮಾರುವಾಗಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯದಿದ್ದರೆ, ತೆರಿಗೆಯನ್ನು ಲಾಭದ ಮೇಲೆ ಮಾತ್ರ ಕಟ್ಟಬಹುದು. 15,000ಕ್ಕೆ ಕೊಂಡು 18,000ಕ್ಕೆ ಮಾರಿದರೆ ತೆರಿಗೆ ಬೀಳುವುದು ಆ 3,000ದ ಮೇಲೆ. ಬಿಲ್ ಕೊಟ್ಟರೆ ಫೋನ್ ತುಂಬಾ ದುಬಾರಿ ಆಗಿಬಿಡುತ್ತದೆ ಅನ್ನುವ ಅಂಗಡಿಯವರಿಗೆ ಇದನ್ನು ನೆನಪಿಸಬಹುದು.

ಇನ್ನು ಐಎಂಇಐ. ಪ್ರತಿ ಫೋನಿಗೂ ಇರುವ 15 ಅಂಕಿಯ ಸಂಖ್ಯೆ ಇದು. *#06# ಒತ್ತಿದರೆ ಕಾಣುತ್ತದೆ. ಇಂಗ್ಲಿಷ್ ದೊಡ್ಡಕ್ಷರದಲ್ಲಿ ಕೆವೈಎಂ ಅಂತ ಬರೆದು, ಒಂದು ಜಾಗ ಬಿಟ್ಟು ಈ ಸಂಖ್ಯೆ ಹಾಕಿ 14422ಕ್ಕೆ ಎಸ್‌ಎಂಎಸ್ ಮಾಡಿದರೆ ಆ ಫೋನಿನ ವಿವರ ಬರುತ್ತದೆ. 2023ರಲ್ಲಿ ಶುರುವಾದ ಸಂಚಾರ್ ಸಾಥಿ ತಾಣದಲ್ಲೂ ನೋಡಬಹುದು. ಬ್ಲ್ಯಾಕ್‌ಲಿಸ್ಟ್, ಡೂಪ್ಲಿಕೇಟ್ ಅಥವಾ ಈಗಾಗಲೇ ಬಳಕೆಯಲ್ಲಿದೆ ಅಂತ ಉತ್ತರ ಬಂದರೆ ಆ ಫೋನ್ ಎ ಪ್ಲಸ್ ಆಗಿದ್ದರೂ ಬೇಡ. 2025ರ ಅಕ್ಟೋಬರ್‌ನಲ್ಲಿ ಟೆಲಿಕಾಂ ಸೈಬರ್ ಭದ್ರತಾ ನಿಯಮಗಳಿಗೆ ಬಂದ ತಿದ್ದುಪಡಿ, ಈ ತಪಾಸಣೆಯನ್ನು ಹಳೆ ಫೋನ್ ವ್ಯಾಪಾರಿಗಳ ಹೊಣೆಯನ್ನಾಗಿಯೂ ಮಾಡಿದೆ.

ಅಂಗಡಿಯಲ್ಲಿ ನಿಂತಾಗ ಕೇಳಬೇಕಾದ ಪ್ರಶ್ನೆ ಎರಡು. ‘ನಿಮ್ಮ ಎ ಗ್ರೇಡ್‌ನಲ್ಲಿ ಏನೇನು ಇರಬಹುದು, ಏನು ಇರಬಾರದು?’ ಮತ್ತು ‘ಇದನ್ನು ತೆರೆದಿದ್ದೀರಾ?’ ಸ್ಕ್ರೀನ್ ಗಾರ್ಡ್ ಅಂಟಿಸಿಯೇ ತೋರಿಸಿದರೆ ತೆಗೆಸಿ ನೋಡಿ, ಹೊಸ ಗಾರ್ಡಿಗೆ ನೂರಿನ್ನೂರು ರೂಪಾಯಿ ನೀವೇ ಕೊಟ್ಟರೂ ಸರಿ. ಹೇಗೂ ದಪ್ಪ ಕವರ್ ಹಾಕುವವರು ಅಂಚು ಜಜ್ಜಿದ, ಸ್ಕ್ರೀನ್ ಸರಿ ಇರುವ ಬಿ ಅಥವಾ ಸಿ ಫೋನನ್ನೇ ಕೇಳಬಹುದು. ಉಳಿದ ದುಡ್ಡಿನಲ್ಲಿ ಒಳ್ಳೆಯ ಬ್ಯಾಟರಿ ಹಾಕಿಸಿದರಾಯಿತು. ಬಿಲ್ಲಿನಲ್ಲಿ ಐಎಂಇಐ ಪಕ್ಕದಲ್ಲೇ ಗ್ರೇಡ್, ಬ್ಯಾಟರಿ ಶೇಕಡಾವಾರು, ಬದಲಾದ ಭಾಗಗಳು ಇಷ್ಟನ್ನೂ ಬರೆಸಿಕೊಳ್ಳಿ.